ತವರಿನ ಸರಕ್ಕೆ ಬಂದ ಅಪವಾದ

ನನ್ನ ಕೊರಳಿನ ತಾಳಿ ಗಂಡನ ಮನೆಯದು, ಅದನ್ನು ಹೊತ್ತ ಸರ ತವರಿನದು. ಹಾಗಾಗಿ ಎದೆಯ ಮೇಲೆ ಕೆಂಪು ಗುಳ್ಳೆಗಳೆದ್ದು ತುರಿಕೆ ಶುರುವಾದಾಗ, ತಪ್ಪು ಯಾವ ಚಿನ್ನದ್ದು ಎಂಬುದು ಹೊಸಮನೆ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಕೂಡಲೇ ತೀರ್ಮಾನವಾಯಿತು.

"ಸರದಲ್ಲಿ ಏನೋ ಬೆರಕೆ ಇದೆ ಮಾರಾಯ್ತಿ," ಎಂದರು ಅತ್ತೆ. ಕೆಟ್ಟವರಲ್ಲ, ಬಾಯಿಗೆ ಬಂದದ್ದನ್ನು ನುಂಗಿ ಅಭ್ಯಾಸವಿಲ್ಲದವರು. ಸರ ಬಿಚ್ಚಿಸಿ, ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿ ಕಟ್ಟಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭದ್ರಾವತಿಯಲ್ಲಿದ್ದ ನನ್ನಮ್ಮನಿಗೂ ಫೋನ್ ಮಾಡಿ ಹೇಳಿಬಿಟ್ಟರು.

ಆ ಸರವನ್ನು ಅಪ್ಪ ಕಾರ್ಖಾನೆಯಲ್ಲಿ ಓವರ್‌ಟೈಮ್ ದುಡಿದು ಮಾಡಿಸಿದ್ದರು. ಅಪ್ಪ ಈಗಿಲ್ಲ. ಅಮ್ಮ "ಹೌದಾ" ಎಂದಷ್ಟೇ ಹೇಳಿ ಫೋನ್ ಇಟ್ಟಳಂತೆ. ಆಮೇಲೆ ತಾನಾಗಿ ಒಮ್ಮೆಯೂ ಮಾಡಲಿಲ್ಲ. ಅತ್ತೆಯ ಮೇಲೆ ನನಗೆ ಕೆಂಡದಂಥ ಸಿಟ್ಟು.

ದಾರ ಕಟ್ಟಿದರೂ ತುರಿಕೆ ಹೋಗಲಿಲ್ಲ. ನ್ಯಾಯವಾಗಿ ಈಗ ಅತ್ತೆಮನೆಯ ತಾಳಿಯ ಸರದಿ. ಅತ್ತೆ ಮಾತ್ರ ಸೋಪನ್ನು ಬೈದರು. ನಾನು ಚರ್ಮದ ಡಾಕ್ಟರ ಬಳಿ ಹೋದೆ. ಅವರು ಯಾವುದು ಒಗ್ಗುವುದಿಲ್ಲವೆಂದು ನೋಡಲು ಬೇರೆ ಬೇರೆ ಲೋಹ, ರಾಸಾಯನಿಕ ಸವರಿದ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ, ಒದ್ದೆ ಮಾಡಬೇಡಿ ಎಂದು ಕಳಿಸಿದರು. ಮತ್ತೆ ಹೋದಾಗ ನಿಕ್ಕಲ್ ಇಟ್ಟ ಜಾಗವೊಂದೇ ಕೆಂಪಗೆ ಊದಿತ್ತು.

"ಚಿನ್ನ ಬಿಟ್ಟು ಬೇರೆ ಲೋಹ ಏನಾದ್ರೂ ಹಾಕ್ತೀರಾ?"

"ಇಲ್ಲಪ್ಪ," ಎಂದೆ ಗತ್ತಿನಿಂದ.

ಡಾಕ್ಟರು ಪೆನ್ನಿನ ತುದಿಯಿಂದ ನನ್ನ ಕೊರಳಿನತ್ತ ತೋರಿಸಿ, "ಮತ್ತೆ ಇವು?" ಎಂದರು.

ತಾಳಿಯ ಪಕ್ಕದಲ್ಲಿ ಸೇಫ್ಟಿ ಪಿನ್ನುಗಳು ಜೋತಾಡುತ್ತಿದ್ದವು. ಸರ ಬಿಚ್ಚಿದ ದಿನ ಅವನ್ನೂ ನಾನೇ ಜೋಪಾನವಾಗಿ ದಾರಕ್ಕೆ ವರ್ಗಾಯಿಸಿದ್ದೆ. ಸೆರಗು ಜಾರಿದರೆ, ಮದುವೆಮನೆಯಲ್ಲಿ ಯಾರದೋ ಹುಕ್ಕು ಕಿತ್ತರೆ, ನಮ್ಮ ಹೆಂಗಸರ ಕೈ ಮೊದಲು ಹೋಗುವುದೇ ಅಲ್ಲಿಗೆ. ಪಿನ್ನಿನ ಮೇಲಿನ ನಿಕ್ಕಲ್ ಬೆವರಿಗೆ ಚೂರುಚೂರೇ ಕರಗಿ ಚರ್ಮಕ್ಕಿಳಿಯುತ್ತದಂತೆ. ಮೈ ಅದನ್ನು ಒಮ್ಮೆ ವೈರಿ ಎಂದುಕೊಂಡರೆ ಮತ್ತೆ ಮರೆಯುವುದಿಲ್ಲವಂತೆ. ನನ್ನ ಪೆದ್ದುತನಕ್ಕೆ ನಾನೇ ನಕ್ಕುಬಿಟ್ಟೆ.

ಪಿನ್ನುಗಳನ್ನು ತೆಗೆದಿಟ್ಟು ಗುಳ್ಳೆ ಮಾಯ್ದ ಮೇಲೆ ಅತ್ತೆಯೇ ಸರ ಹಿಡಿದುಕೊಂಡು ನನ್ನೊಡನೆ ಭದ್ರಾವತಿಯ ಬಸ್ಸು ಹತ್ತಿದರು. ಅಮ್ಮನ ಮುಂದೆ ಸರ ಚಾಚಿ, "ದುಡುಕಿ ಮಾತಾಡ್ಬಿಟ್ಟೆ ಕಣ್ರೀ. ಅಪ್ಪಟ ಚಿನ್ನ. ನೀವೇ ಹಾಕಿ ಅವಳಿಗೆ," ಎಂದರು.

ಅಮ್ಮ ಹಿಂದೆ ಸರಿದಳು. "ತಾಳಿ ಸರ... ನಾನು ಹೀಗಿರುವಾಗ ನನ್ನ ಕೈಲಿ ಬೇಡ. ನೀವು ಮುತ್ತೈದೆ, ನೀವೇ ಹಾಕಿ."

"ಅದೆಲ್ಲ ನನಗೆ ಗೊತ್ತಿಲ್ಲ. ಕೊಟ್ಟ ಮನೆಯವರೇ ಹಾಕ್ಬೇಕು."

ಕೊಂಡಿ ಸಿಕ್ಕಿಸಲು ಅಮ್ಮನಿಗೆ ತುಂಬಾ ಹೊತ್ತು ಹಿಡಿಯಿತು. ಅತ್ತೆ ಸಹಾಯಕ್ಕೆ ಹೋಗಲಿಲ್ಲ, ಕಾಯುತ್ತಾ ನಿಂತರು.