ಅಪ್ಪನ ಬ್ಯಾಗಿಗೆ ನಾನೇ ತೂಕದ ಕಲ್ಲು

ಅಪ್ಪ ಚಪ್ಪಲಿ ಹೊಲಿಯುವುದನ್ನು ಬಿಟ್ಟು ಚರ್ಮದ ಬ್ಯಾಗ್ ಹೊಲಿಯಲು ಕೂತರಲ್ಲ, ಆಗ ಮೊದಲನೆಯ ಬ್ಯಾಗ್ ನೋಡಲು ನಗರ್ತಪೇಟೆಯ ಅಂಗಡಿಯವರೊಬ್ಬರು ಚಾಮರಾಜಪೇಟೆಯ ನಮ್ಮ ಮನೆಗೇ ಬಂದರು. ಅವರು ಒಪ್ಪಿದರೆ ಒಂದು ಡಜನ್ ಆರ್ಡರ್, ಇಲ್ಲದಿದ್ದರೆ ಮತ್ತೆ ಚಪ್ಪಲಿಯೇ.

"ಹಿಡಿ ಕಿತ್ಕೊಂಡ್ ಬರಲ್ಲ ತಾನೇ?" ಎಂದರು.

ನಾನಿನ್ನೂ ಪುಟ್ಟ ಮಗು; ಅಪ್ಪ ನನ್ನನ್ನೇ ಎತ್ತಿ ಬ್ಯಾಗಿನೊಳಗೆ ಕೂರಿಸಿದರು. "ಈಗ ಎತ್ತಿ ನೋಡಿ, ಸ್ವಾಮಿ."

ಅವರು ಎತ್ತಿದರು. ಚರ್ಮ ಕಿರ್ರೆಂದಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಉಯ್ಯಾಲೆಯೆಂದುಕೊಂಡು ಕುಣಿದೆ. ಹೊಲಿಗೆ ಬಿಡಲಿಲ್ಲ.

"ಅಯ್ಯಯ್ಯೋ, ನನ್ ಸೊಂಟಾನೇ ಬಿಡ್ತು! ಡಜನ್ ಮಾಡ್ಕೊಡಪ್ಪಾ."

ಆಮೇಲೆ ಪ್ರತಿ ಬ್ಯಾಗಿಗೂ ನನ್ನದೇ ಪರೀಕ್ಷೆ. ನಾನು ದಪ್ಪಗಾದಷ್ಟೂ ಅಪ್ಪನ ಹೊಲಿಗೆ ಗಟ್ಟಿಯಾಯಿತು.

ಇವತ್ತು ಮಗಳ ಹೊಸ ಬ್ಯಾಗಿನಿಂದ ಅದೇ ಚರ್ಮದ ವಾಸನೆ ಬಂತು, ಬರೆಯಲು ಕೂತೆ. ಅಡುಗೆಮನೆಯಿಂದ ನಮ್ಮ ಯಜಮಾನರು ಕೂಗುತ್ತಿದ್ದಾರೆ: "ಲೇ, ಮುದ್ದೆ ಆರ್ತಿದೆ, ಬಾರೇ!"

ಬಂದೆ ರೀ, ಎರಡು ಹಾಕಿ.