ತುಳಸಿ ಕುಂಡದಲ್ಲಿ ಸಿಕ್ಕ ಕಾಯಿಚೂರು

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಏಳು ಹತ್ತು. ಬನಶಂಕರಿಯ ನಮ್ಮ ಬಾಡಿಗೆ ಮನೆಯ ಕೆಳಗಿನಿಂದ ಓನರ್ ಆಂಟಿ ಕೂಗಿದರು. ಗೊಬ್ಬರ ಹಾಕಲು ತುಳಸಿ ಕುಂಡದ ಮಣ್ಣು ಕೆದಕಿದಾಗ ಕುಂಕುಮ ಮೆತ್ತಿದ ತೆಂಗಿನಕಾಯಿ ಚೂರೊಂದು ಸಿಕ್ಕಿತ್ತು. ಅದನ್ನು ಮುಟ್ಟದೆ ಕಡ್ಡಿಯ ತುದಿಯಿಂದ ತೋರಿಸಿದರು.

“ಮಾಟ ಕಣಮ್ಮ ಇದು. ನಿನ್ನೆ ಸಾಯಂಕಾಲ ಗೊಟ್ಟಿಗೆರೆಯಿಂದ ನನ್ ನಾದಿನಿ ಬಂದಿದ್ಲಲ್ಲ, ಇಲ್ಲೇ ನಿಂತು ಚಪ್ಪಲಿ ಹಾಕ್ಕೊಂಡ್ಲು. ಚಪ್ಪಲಿಗೆ ಅಷ್ಟೊತ್ತು ಬೇಕಾ?”

ಆಂಟಿಯ ಮಗಳ ಸೀಮಂತ ಬರುವ ಶುಕ್ರವಾರ. ನಾದಿನಿಯನ್ನು ಅದಕ್ಕೆ ಕರೆಯುವುದಿಲ್ಲ, ಇನ್ನು ಗೇಟಿನೊಳಗೂ ಬಿಡುವುದಿಲ್ಲ ಎಂದರು.

ನನ್ನ ಹಿಂದೆಯೇ ಕೆಳಗಿಳಿದು ಬಂದಿದ್ದ ನಮ್ಮ ನಾಯಿಯನ್ನು ನೋಡಿದೆ. ಹಿಂದಿನ ದಿನ ವಾಕಿಂಗ್ ಹೋದಾಗ, ಯಾರೋ ಹೊಸ ಕಾರಿಗೆ ಪೂಜೆ ಮಾಡಿ ಕಾಯಿ ಒಡೆದಿದ್ದ ಜಾಗದಲ್ಲಿ ಅದು ಏನನ್ನೋ ಕಚ್ಚಿಕೊಂಡಿತ್ತು. ಮನೆ ಸೇರುವಷ್ಟರಲ್ಲಿ ತಿಂದಿರಬೇಕು ಎಂದುಕೊಂಡಿದ್ದೆ. ಮಿಕ್ಕ ಚಪಾತಿಯನ್ನು ಸೋಫಾದ ಸಂದಿಗೆ ತುರುಕಿ, ಬರೀ ಟೈಲ್ಸ್ ನೆಲದ ಮೇಲಿಂದ ಇಲ್ಲದ ಮಣ್ಣನ್ನು ಮೂಗಿನಿಂದ ಅದರ ಮೇಲೆ ತಳ್ಳುವ ಅಭ್ಯಾಸ ಅದಕ್ಕಿದೆ. ಯಾರೂ ಕಲಿಸಿದ್ದಲ್ಲ.

“ಇವನ ಕೆಲಸ ಅನ್ಸುತ್ತೆ ಆಂಟಿ.”

“ನಾಯಿ ತಿಂದ್ಬಿಡುತ್ತೆ ಕಣಮ್ಮ. ಯಾವ ನಾಯಿ ಹೂತಿಡುತ್ತೆ?”

ಅಡುಗೆಮನೆಯಿಂದ ಒಂದು ಕಾಯಿಚೂರು ತಂದು ಹಾಕಿದೆ. ನಾಯಿ ಅಲ್ಲೇ ಕುಳಿತು ಕಟಕಟನೆ ತಿಂದು ಮುಗಿಸಿತು.

“ನೋಡ್ದಾ?” ಎಂದರು ಆಂಟಿ.

ಆಮೇಲೆ ಹೊಳೆಯಿತು, ಅದಕ್ಕಿನ್ನೂ ತಿಂಡಿ ಆಗಿರಲಿಲ್ಲ. ಚಪಾತಿ ಬಚ್ಚಿಡುವುದೂ ಹೊಟ್ಟೆ ತುಂಬಿದ ಮೇಲೆಯೇ. ಅನ್ನ, ಮೊಸರು ಹಾಕಿ ಬಟ್ಟಲು ಖಾಲಿಯಾದ ಮೇಲೆ ಇನ್ನೊಂದು ಚೂರು ಕೊಟ್ಟೆ. ಈ ಸಲ ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿತು. ಗುಲಾಬಿ ಕುಂಡ ಹತ್ತಿ ಮುಂಗಾಲಲ್ಲಿ ತೋಡಿ ಚೂರನ್ನು ಇಳಿಸಿತು. ಮೂಗಿನಿಂದ ಮಣ್ಣು ಮುಚ್ಚಿ, ಮೂತಿಯೆಲ್ಲ ಗೊಬ್ಬರ ಮಾಡಿಕೊಂಡು ನಮ್ಮ ಕಡೆ ತಿರುಗಿತು.

ಆಂಟಿ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗೆ ಹಾಕಿದರು.

“ಥೂ ಕಳ್ಳ ನನ್ಮಗನೆ, ನಾದಿನಿ ತಲೆಗೆ ಕಟ್ತಿದ್ದೆ ನೋಡು” ಎಂದು ನಗುತ್ತಲೇ ಫೋನ್ ತೆಗೆದರು. “ಶುಕ್ರವಾರ ಬೆಳಿಗ್ಗೇನೇ ಬಂದ್ಬಿಡು. ಕಾಯಿ ತುರಿಯೋಕೆ ನಿನ್ ಕೈನೇ ಆಗ್ಬೇಕು. ಏನಿಲ್ಲ ಕಣೆ, ಹಂಗೇ ನೆನಪಾದೆ.”

ನಾದಿನಿ ಶುಕ್ರವಾರ ಎಲ್ಲರಿಗಿಂತ ಮೊದಲೇ ಬಂದರು. ಹೊರಡುವಾಗ ಚಪ್ಪಲಿಗೆ ಮತ್ತೆ ಅಷ್ಟೇ ಹೊತ್ತು ಹಿಡಿಯಿತು, ಮಂಡಿನೋವಂತೆ. ಆಂಟಿಯೇ ಬಗ್ಗಿ ಬಕಲ್ ಹಾಕಿದರು.

ತುಳಸಿಗೆ ಈಗ ಜಾಲರಿ ಇದೆ. ಗುಲಾಬಿ ಕುಂಡದ ಚೂರು ಅಲ್ಲೇ ಇದೆ. ನಾಯಿ ದಿನವೂ ಪಕ್ಕದಲ್ಲೇ ಓಡಾಡಿದರೂ ಮೂಸಿ ಸಹ ನೋಡುವುದಿಲ್ಲ. ಮರೆತಿದೆಯೋ, ಹಸಿವಿನ ದಿನಕ್ಕೆಂದು ಇಟ್ಟಿದೆಯೋ ನನಗೆ ತಿಳಿಯದು. ನಿಮ್ಮ ಮನೆಯ ನಾಯಿ ಹೂತದ್ದನ್ನು ತಾನೇ ಹುಡುಕಿ ತೆಗೆದದ್ದನ್ನು ನೋಡಿದ್ದರೆ, ಎಷ್ಟು ದಿನದ ಮೇಲೆ ಎಂದು ದಯವಿಟ್ಟು ಬರೆದು ತಿಳಿಸಿ. ಅಲ್ಲಿಯವರೆಗೆ ಆ ಕುಂಡದ ಮಣ್ಣು ಕೆದಕಬೇಡಿ ಎಂದು ಆಂಟಿಗೆ ಹೇಳಿದ್ದೇನೆ.