ಖಾಲಿ ಸೀಟಿನ ಬೆಲ್ಟ್

ದೆವ್ವ, ಆತ್ಮ ಎಂಬ ಮಾತು ಬಂದರೆ ಎದ್ದು ಹೋಗುವ ಮನುಷ್ಯ ನಾನು. ಆಯುಷ್ಯದ ಬಹುಭಾಗ ಬಸ್ ಓಡಿಸಿದ್ದೇನೆ. ಸ್ಮಶಾನದ ಪಕ್ಕದಲ್ಲಿ ಬಸ್ ಕೆಟ್ಟು ನಿಂತಾಗಲೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದ್ದೇನೆ. ಜೊತೆಯ ಡ್ರೈವರುಗಳು ತಮಗಾದ ಅನುಭವ ಹೇಳಿದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಅಂತಲೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ನನ್ನ ಹೆಂಡತಿ ಶಾಂತಾ ತೀರಿಕೊಂಡ ವರ್ಷದ ಚಳಿಗಾಲ ಅದು. ಮಣ್ಣು ಕೊಟ್ಟ ದಿನವೂ ನನಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗುತ್ತಿದ್ದೆ, ಬಂದು ಉಣ್ಣುತ್ತಿದ್ದೆ, ಮಲಗುತ್ತಿದ್ದೆ. ಒಳಗೆ ಏನೂ ಇರಲಿಲ್ಲ. ಅವಳ ತವರು ಸಂತಪುರ. ಬೀದರದಿಂದ ಔರಾದಕ್ಕೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ. ಅತ್ತೆ ಎದುರಾದರೆ ಏನು ಮಾತಾಡುವುದು ಎಂದು ಆ ರೂಟನ್ನೇ ಬಿಟ್ಟು ಭಾಲ್ಕಿ ರೂಟು ಹಾಕಿಸಿಕೊಂಡಿದ್ದೆ.

ಭಾಲ್ಕಿಯ ವೈಜನಾಥ ನನಗೆ ದೂರದ ಸಂಬಂಧಿ, ಕಾಳಿನ ವ್ಯಾಪಾರಿ. ಹೈದರಾಬಾದಿನಿಂದ ಛಾವಣಿ ತೆರೆಯುವ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದವನು ಒಂದು ಬೆಳಿಗ್ಗೆ ಅದರಲ್ಲೇ ಬೀದರದ ನನ್ನ ಮನೆಗೆ ಬಂದ. ಮರುದಿನ ಔರಾದದಲ್ಲಿ ಅವನ ತಮ್ಮನ ಮದುವೆ. ಮದುಮಗನನ್ನು ಆ ಕಾರಿನಲ್ಲಿ ಮೆರೆಸಬೇಕೆಂದು ಅವನ ಆಸೆ. ತಾನು ಹಿರಿಯರನ್ನು ಕರೆದುಕೊಂಡು ಮುಂದೆ ಹೋಗಬೇಕಾಗಿದ್ದರಿಂದ, ಬೀದರದಿಂದ ಕಾರನ್ನು ತಂದು ಮುಟ್ಟಿಸಬೇಕೆಂದು ನನ್ನನ್ನು ಕೇಳಿಕೊಂಡ.

“ನೋಡ್ರಿ ಕಾಕಾ, ಈ ಬಟನ್ ಒತ್ತಿದ್ರ ಛತ್ತ ಮಡಚಿ ಹಿಂದ ಹೋಗಿ ಕುಂದರ್ತದ. ಚಳಿ ಹತ್ತಿದ್ರ ಸೀಟಿನಾಗಿಂದ ಕುತ್ತಿಗಿಗಿ ಬಿಸಿ ಗಾಳಿ ಬರ್ತದ. ಏನ್ ಗಾಡಿ ಅದರಿ!” ಎಂದು ಮಗುವಿನ ತಲೆ ಸವರಿದಂತೆ ಬಾನೆಟ್ ಸವರಿದ.

ಎರಡೇ ಸೀಟು. ಎರಡಕ್ಕೂ ಕೆನೆಬಣ್ಣದ ಮೆತ್ತನೆಯ ತೊಗಲು. ಬಸ್ಸಿನ ಎತ್ತರದಿಂದ ರಸ್ತೆ ನೋಡಿದ ನನಗೆ ನೆಲದ ಮೇಲೆಯೇ ಕೂತು ಜಾರುತ್ತಿರುವಂತೆ ಅನಿಸಿತು. ಕಾಲು ಸ್ವಲ್ಪ ಒತ್ತಿದರೆ ಸಾಕು, ಕಾರು ಗುರ್ ಎಂದು ಮುಂದಕ್ಕೆ ಹಾರುತ್ತಿತ್ತು. ತಲೆಯ ಮೇಲೆ ಬರೀ ಆಕಾಶ. ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡಿದರು, ಬೈಕಿನ ಹುಡುಗರು ಕೂಗುತ್ತಾ ಬೆನ್ನು ಹತ್ತಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ನನಗೆ ಏನೂ ಅನಿಸಲಿಲ್ಲ.

ಮಾಂಜ್ರಾ ಸೇತುವೆ ದಾಟಿದ ಮೇಲೆ ಟಿಣ್ ಟಿಣ್ ಎಂಬ ಸದ್ದು ಶುರುವಾಯಿತು. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲ ಎಂಬ ಕೆಂಪು ಗುರುತು ಎದುರಿಗೆ ಹೊತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ಚೀಲ ಕೂಡ ಇರಲಿಲ್ಲ. ಕಾರು ನಿಲ್ಲಿಸಿ ಸೀಟನ್ನು ತಟ್ಟಿದೆ, ಒತ್ತಿದೆ. ಎಂಜಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಹೊರಟ ಕೂಡಲೇ ಮತ್ತೆ ಅದೇ ಸದ್ದು. ಬೇಸತ್ತು ಆ ಕಡೆಯ ಬೆಲ್ಟ್ ಎಳೆದು ಖಾಲಿ ಸೀಟಿಗೆ ಅಡ್ಡವಾಗಿ ಸಿಕ್ಕಿಸಿದೆ. ಸದ್ದು ನಿಂತಿತು. ಬೆಲ್ಟ್ ಮಾತ್ರ ಯಾರದೋ ಎದೆಯ ಮೇಲೆ ಇದ್ದಂತೆ ಸ್ವಲ್ಪ ಉಬ್ಬಿಕೊಂಡಿತ್ತು. ಗಾಳಿಗೆ ಹಾಗಾಗಿರಬಹುದು. ನನಗೆ ಹೆದರಿಕೆಯೂ ಆಗಲಿಲ್ಲ. ಕಾರಿನ ವೇಗ ಕಡಿಮೆ ಮಾಡಿದೆ, ಅಷ್ಟೇ. ಶಾಂತಾಗೆ ಜೋರಾಗಿ ಓಡಿಸಿದರೆ ಆಗುತ್ತಿರಲಿಲ್ಲ.

ಸಂತಪುರದಲ್ಲಿ ನಿಲ್ಲುವ ವಿಚಾರ ನನಗಿರಲಿಲ್ಲ. ಊರು ಬಂದಾಗ ಕೈ ತಾನಾಗಿ ಸ್ಟಿಯರಿಂಗ್ ತಿರುಗಿಸಿತು. ಓಣಿಯಲ್ಲಿ ಅತ್ತೆ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದರು. ಕಾರು ನೋಡಿ ಮೊರ ಕೆಳಗಿಟ್ಟು ಎದ್ದು ಬಂದರು.

“ಬರ್ರಿ, ಬರ್ರಿ. ಒಬ್ರೇ ಬಂದೀರೇನ್ರಿ?”

ಬಂದವರನ್ನು ಯಾರಾದರೂ ಕೇಳುವ ಮಾತು ಅದು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಇಳಿದು ಆ ಕಡೆಯ ಬಾಗಿಲು ತೆರೆದೆ, ಬೆಲ್ಟ್ ಬಿಚ್ಚಿದೆ.

“ಕುಂದರ್ರಿ ಅತ್ತಿ, ಒಂದು ಸುತ್ತು ಹೋಗಿ ಬರಮಿ.”

“ನನಗ್ಯಾಕರಿ ಇದೆಲ್ಲಾ? ಮಂದಿ ನಗ್ತಾರ” ಎನ್ನುತ್ತಲೇ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತರು. ಬೆಲ್ಟ್ ಬೇಡವೆಂದರು. ಊರ ಹೊರಗಿನ ತೊಗರಿ ಹೊಲಗಳವರೆಗೆ ಹೋಗಿ ಬಂದೆವು. ದಾರಿಯಲ್ಲಿ ಒಮ್ಮೆ ಅತ್ತೆ ಮೇಲೆ ಆಕಾಶ ನೋಡಿ, “ಶಾಂತಾಗ ಇದ್ರಾಗ ಕುಂದರಿಸಬೇಕಿತ್ತು ನೋಡ್ರಿ” ಎಂದರು. ನಾನು ಹೂಂ ಎಂದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣು ಒಣಗಿಯೇ ಇತ್ತು.

ಅವರನ್ನು ಮನೆಗೆ ಬಿಟ್ಟು ಹೊರಡುವಾಗಲಷ್ಟೇ ಹೊಳೆಯಿತು. ಅತ್ತೆ ಬೆಲ್ಟ್ ಹಾಕಿರಲಿಲ್ಲ. ಜೀವಂತ ಮನುಷ್ಯರು ಕೂತಾಗ ಆ ಕಾರು ಒಮ್ಮೆಯೂ ಸದ್ದು ಮಾಡಿರಲಿಲ್ಲ.

ಮದುವೆ ಮುಗಿದ ಮೇಲೆ ವೈಜನಾಥನಿಗೆ ಆ ಸದ್ದಿನ ವಿಷಯ ಹೇಳಿದೆ. ಶೋರೂಮಿನಲ್ಲಿ ತೋರಿಸಿ ಬಂದು, “ಎಲ್ಲಾ ಬರೋಬ್ಬರಿ ಅದ ಅಂದ್ರು ಕಾಕಾ” ಎಂದ. ಎಲೆಕ್ಟ್ರಾನಿಕ್ ಸಾಮಾನು, ಏನೋ ಆಗಿರುತ್ತದೆ ಎಂದು ನಾನೂ ಹೇಳಿಕೊಂಡೆ. ಹಾಗೆಂದು ಮನಸ್ಸು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಆ ದಿನ ಸಂತಪುರದಿಂದ ಔರಾದದವರೆಗೆ ಪಕ್ಕದ ಸೀಟು ಖಾಲಿ ಇತ್ತು. ಬೆಲ್ಟನ್ನು ನಾನು ಬೇಕೆಂದೇ ಬಿಚ್ಚಿಟ್ಟಿದ್ದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. ನಾನು ಆ ಟಿಣ್ ಟಿಣ್ ಸದ್ದಿಗಾಗಿ ಕಿವಿಗೊಟ್ಟು ನಿಧಾನವಾಗಿ, ತೀರಾ ನಿಧಾನವಾಗಿ ಓಡಿಸಿದೆ. ಸದ್ದು ಬರುವ ಮೊದಲೇ ಔರಾದ ಬಂದೇ ಬಿಟ್ಟಿತು.